ಇನ್ನೂ ಬಂದೇ ಇಲ್ಲದ ಹರ್ಪಿಸ್ ಲಸಿಕೆಗೆ ಕಾಸ್ಟ್-ಎಫೆಕ್ಟಿವ್‌ನೆಸ್ ಲೆಕ್ಕ: ಕೂಸು ಹುಟ್ಟೋ ಮುಂಚೆ ಕುಲಾವಿ ಅಲ್ವಾ ಇದು?

ಬೀಟಾಗಾಮಾ:

ನಮಸ್ಕಾರ ಎಲ್ರಿಗೂ. ಪಬ್ಲಿಕ್ ಹೆಲ್ತ್ ಎಂಎಸ್ಸಿ ಕೊನೇ ವರ್ಷ ನಂದು. ಡಿಸರ್ಟೇಶನ್‌ಗೆ ಜನನಾಂಗದ ಹರ್ಪಿಸ್, ಮುಖ್ಯವಾಗಿ ಎಚ್‌ಎಸ್‌ವಿ-2, ಅಂದ್ರೆ ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನ ಎರಡನೇ ಥರ, ಇದನ್ನ ತಡೆಯೋ ಲಸಿಕೆ ಬಂದ್ರೆ ಎಷ್ಟು ಸೋಂಕು ತಪ್ಪುತ್ತೆ, ಹಾಕಿದ ದುಡ್ಡಿಗೆ ತಕ್ಕ ಫಲ ಇದೆಯಾ ಅಂತ ಮಾಡೆಲ್ ಮಾಡಬೇಕು. ನಾನೇ ಆರಿಸ್ಕೊಂಡೆ ಅಂತ ಹೇಳಲ್ಲ, ಗೈಡ್ ತಲೆಗೆ ಕಟ್ಟಿದ್ದು.

ಮೊದಲು ಒಂದು ಸಿಂಪಲ್ ಲೆಕ್ಕ ಎಕ್ಸೆಲ್‌ನಲ್ಲಿ ಹಾಕಿದೆ. ನಂಬರ್ ಎಲ್ಲಾ ನಾನೇ ಇಟ್ಕೊಂಡಿದ್ದು, ನಿಜದ ದೇಶದ್ದಲ್ಲ. 1 ಲಕ್ಷ ಮಕ್ಕಳು, ಲಸಿಕೆ ಇಲ್ದಿದ್ರೆ ಅದ್ರಲ್ಲಿ 15 ಸಾವಿರ ಜನಕ್ಕೆ ಮುಂದೆ ಯಾವಾಗಾದ್ರೂ ಎಚ್‌ಎಸ್‌ವಿ-2 ಬರುತ್ತೆ. 80% ಮಕ್ಕಳಿಗೆ ಲಸಿಕೆ, 50% ಪರಿಣಾಮ, ಅಂದ್ರೆ 6 ಸಾವಿರ ಸೋಂಕು ತಪ್ತು. ಪೂರ್ತಿ ಕೋರ್ಸ್‌ಗೆ 100 ಡಾಲರ್, ಒಟ್ಟು 80 ಲಕ್ಷ. ಒಂದು ಸೋಂಕಿಗೆ ಜೀವನಪೂರ್ತಿ ಚಿಕಿತ್ಸೆ ಖರ್ಚು 200 ಡಾಲರ್ ಅಂತಿಟ್ರೆ 12 ಲಕ್ಷ ಉಳೀತು, ಕೈಯಿಂದ ಹೋಗೋದು 68 ಲಕ್ಷ. ಇಲ್ಲಿವರೆಗೂ ಎಲ್ಲಾ ಸರಿ. ಈಗ ಒಂದು ಸೋಂಕಿನಿಂದ ಒಬ್ಬ ಮನುಷ್ಯ ಎಷ್ಟು ಕ್ಯಾಲಿ (QALY, ಪೂರ್ತಿ ಆರೋಗ್ಯದಲ್ಲಿ ಕಳೆದ ಒಂದು ವರ್ಷ ಅಂದ್ರೆ 1 ಕ್ಯಾಲಿ) ಕಳ್ಕೊಳ್ತಾನೆ ಅನ್ನೋ ಜಾಗದಲ್ಲಿ 0.05 ಹಾಕಿದ್ರೆ ಒಂದು ಕ್ಯಾಲಿಗೆ ಸುಮಾರು 22,700 ಡಾಲರ್ ಬೀಳುತ್ತೆ, 0.1 ಹಾಕಿದ್ರೆ 11,300, 0.01 ಹಾಕಿದ್ರೆ 1,13,000!! ಒಂದೇ ಒಂದು ಸೆಲ್ ಬದಲಾಯಿಸಿದ್ದಕ್ಕೆ ಸಸ್ತಾ ಇದ್ದಿದ್ದು ದುಬಾರಿ ಆಗೋಗುತ್ತೆ. ಇದನ್ನ ವಿಜ್ಞಾನ ಅನ್ಬೇಕಾ ಕಣಿ ಹೇಳೋದು ಅನ್ಬೇಕಾ?

ಕೇಳಬೇಕಾಗಿದ್ದು ಇಷ್ಟು. ಲಸಿಕೆನೇ ಇಲ್ದಿರುವಾಗ ಈ ಲೆಕ್ಕದಿಂದ ಯಾರಿಗೆ ಏನುಪಯೋಗ, ಆ ಕ್ಯಾಲಿ ನಂಬರ್ ಹೆಂಗೆ ಆರಿಸೋದು, ಮತ್ತೆ ಹರ್ಪಿಸ್ ಇದ್ರೆ ಎಚ್‌ಐವಿ ಅಂಟೋದು ಜಾಸ್ತಿ ಅಂತಾರಲ್ಲ, ಆ ಎಚ್‌ಐವಿ ಲಾಭ ಸೇರಿಸಬೇಕಾ ಬೇಡ್ವಾ. ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್.

ಸುಮ್ನೆಬಂದವ:

ಒಂದ್ನಿಮಿಷ, ಹರ್ಪಿಸ್‌ಗೆ ಲಸಿಕೆ ಇದೆಯಲ್ಲ ಗುರು? ನಮ್ಮ ದೊಡ್ಡಪ್ಪನಿಗೆ ಡಾಕ್ಟ್ರು ಹಾಕಿಸ್ಕೊಳ್ಳಿ ಅಂದಿದ್ರು, ಎರಡು ಡೋಸು.

ಹಳೇಮಾಡೆಲರ್:

ಅದು ಸರ್ಪಸುತ್ತಿಂದು ಸ್ವಾಮಿ, ಹರ್ಪಿಸ್ ಜೋಸ್ಟರ್. ಚಿಕನ್‌ಪಾಕ್ಸ್ ವೈರಸ್ಸೇ ವಯಸ್ಸಾದ್ಮೇಲೆ ಮತ್ತೆ ಎದ್ದು ಬರೋದು. ಇಲ್ಲಿ ಕೇಳ್ತಿರೋದು ಹರ್ಪಿಸ್ ಸಿಂಪ್ಲೆಕ್ಸ್, ಒಂದೇ ವಂಶ, ಬೇರೆ ವೈರಸ್. ಸರ್ಪಸುತ್ತಿಗೆ ಶಿಂಗ್ರಿಕ್ಸ್ 2017ರಲ್ಲೇ ಬಂತು, 90%ಗಿಂತ ಜಾಸ್ತಿ ರಕ್ಷಣೆ, ಸಿಂಪ್ಲೆಕ್ಸ್‌ಗೆ ಮಾತ್ರ ಇವತ್ತಿನವರೆಗೂ ಒಂದೂ ಗೆದ್ದಿಲ್ಲ.

ಈಗ ಬೀಟಾಗಾಮಾ ಅವರ ಪ್ರಶ್ನೆಗೆ. ಕೂಸು ಹುಟ್ಟೋ ಮುಂಚೆ ಕುಲಾವಿ ಅಂದ್ರಿ, ಸರಿ, ಆದ್ರೆ ಇಲ್ಲಿ ಕುಲಾವಿ ಅಳತೆ ನೋಡಿನೇ ಕೂಸು ಎಷ್ಟು ದೊಡ್ಡದಿರಬೇಕು ಅಂತ ತೀರ್ಮಾನ ಆಗೋದು. ಕಂಪನಿಯವರು ಮೂರನೇ ಹಂತದ ಟ್ರಯಲ್‌ಗೆ ಸಾವಿರಾರು ಜನರನ್ನ ಸೇರಿಸ್ಬೇಕು, ಸೋಂಕನ್ನೇ ತಡೀಬೇಕಾ, ಹುಣ್ಣು ಬರದ ಹಾಗೆ ನೋಡ್ಕೊಂಡ್ರೆ ಸಾಕಾ, ಎಷ್ಟು ಪರ್ಸೆಂಟ್ ಇದ್ರೆ ಮುಂದೆ ಹೋಗಬಹುದು, ಇದನ್ನೆಲ್ಲಾ ಮೊದಲೇ ಹೇಳ್ಬೇಕು. ಮಾಡೆಲ್ ಇಲ್ಲ ಅಂದ್ರೆ ಅಂದಾಜಿನ ಮೇಲೆ ಗುಂಡು ಹೊಡೆದ ಹಾಗೆ. 2012ರಲ್ಲಿ ಹರ್ಪವ್ಯಾಕ್ ಟ್ರಯಲ್ ಫಲಿತಾಂಶ ಬಂತಲ್ಲ, 8,323 ಹೆಂಗಸರು, ಎರಡೂ ಥರದ ಎಚ್‌ಎಸ್‌ವಿ ಇಲ್ದೇ ಇದ್ದೋರನ್ನೇ ಹುಡುಕಿ ಸೇರಿಸಿದ್ರು. ಎಚ್‌ಎಸ್‌ವಿ-2 ವಿರುದ್ಧ ಏನೂ ಕೆಲಸ ಮಾಡ್ಲಿಲ್ಲ, ಎಚ್‌ಎಸ್‌ವಿ-1ರಿಂದ ಬರೋ ಜನನಾಂಗದ ಕಾಯಿಲೆ ಮೇಲೆ ಮಾತ್ರ 58%. ಅದಕ್ಕೆ ಹತ್ತು ವರ್ಷ ಮುಂಚೆ ಅದೇ ಲಸಿಕೆ, ಇಬ್ಬರಲ್ಲಿ ಒಬ್ರಿಗೆ ಹರ್ಪಿಸ್ ಇರೋ ಜೋಡಿಗಳಲ್ಲಿ, ಎರಡೂ ವೈರಸ್ ಇಲ್ಲದ ಹೆಂಗಸರಿಗೆ 70%ಗಿಂತ ಮೇಲೆ ತೋರಿಸಿತ್ತು, ಗಂಡಸರಿಗೆ ಏನೂ ಇಲ್ಲ. ಅಷ್ಟು ನಂಬಿಕೆ ಇಟ್ಕೊಂಡು ಹೋಗಿ ಹಿಂಗಾಯ್ತು.

ನಿಮ್ಮ ಎಕ್ಸೆಲ್‌ನಲ್ಲಿ ದೊಡ್ಡ ತಪ್ಪು ಕ್ಯಾಲಿ ಅಲ್ಲ. ಅದು ಸ್ಟ್ಯಾಟಿಕ್ ಮಾಡೆಲ್, ಅದೇ ತಪ್ಪು. 80 ಇಂಟು 50, 40% ಅಂತ ಗುಣಿಸಿ ಬಿಟ್ಟಿದೀರಾ. ಒಬ್ಬನಿಗೆ ಸೋಂಕು ತಪ್ಪಿದ್ರೆ ಅವನಿಂದ ಮುಂದೆ ಹೋಗ್ಬೇಕಾಗಿದ್ದ ಸರಪಳಿನೂ ಕಟ್ ಆಗುತ್ತೆ, ಲಸಿಕೆ ಹಾಕಿಸ್ಕೊಳ್ಳದವನಿಗೂ ಲಾಭ. ಅದಕ್ಕೆ ಡೈನಮಿಕ್ ಮಾಡೆಲ್ ಬೇಕು, ಸೋಂಕಿನ ಒತ್ತಡ ಆ ಹೊತ್ತಿಗೆ ಎಷ್ಟು ಜನಕ್ಕೆ ಸೋಂಕಿದೆ ಅನ್ನೋದ್ರ ಮೇಲೆ ನಿಂತಿರಬೇಕು. ಆದ್ರೆ ಹರ್ಪಿಸ್‌ನಲ್ಲಿ ಒಂದು ಸಂಕಟ ಇದೆ, ಈ ವೈರಸ್ ಒಂದ್ಸಲ ಬಂದ್ರೆ ಬೆನ್ನುಹುರಿ ಪಕ್ಕದ ನರಗಂಟುಗಳಲ್ಲಿ ಕೂತ್ಬಿಡುತ್ತೆ, ಸಾಯೋವರೆಗೂ ಹೋಗಲ್ಲ. ದಡಾರದ ಥರ ಬಂದು ಗುಣ ಆಗಿ ಹೋದ ಅನ್ನೋ ಡಬ್ಬಿನೇ ಇಲ್ಲ ಇದ್ರಲ್ಲಿ. 2020ರ ಅಂದಾಜಿನಲ್ಲಿ 15ರಿಂದ 49 ವಯಸ್ಸಿನವರಲ್ಲಿ ಸುಮಾರು 52 ಕೋಟಿ ಜನಕ್ಕೆ ಎಚ್‌ಎಸ್‌ವಿ-2 ಇತ್ತು, ಆ ವರ್ಷ ಹೊಸದಾಗಿ ಸೇರಿದ್ದು 2.56 ಕೋಟಿ. ತುಂಬಿದ ಟ್ಯಾಂಕ್ ಅದು, ಮೇಲಿನ ನಲ್ಲಿ ಅರ್ಧ ತಿರುಗಿಸಿದ ತಕ್ಷಣ ಖಾಲಿ ಆಗಲ್ಲ. ಚಿಕ್ಕ ಮಕ್ಕಳಿಗೆ ಲಸಿಕೆ ಹಾಕಿ 10 ವರ್ಷದ ಗ್ರಾಫ್ ನೋಡಿದ್ರೆ ಏನೂ ಕಾಣ್ಸಲ್ಲ, 40-50 ವರ್ಷ ಓಡಿಸ್ಬೇಕು.

ಇನ್ನೊಂದು, 50% ಪರಿಣಾಮ ಅಂದ್ರೆ ಯಾವ 50%? ಮಳೆ ಬರ್ತಿದೆ ಅಂದ್ಕೊಳ್ಳಿ. ನೂರು ಜನದಲ್ಲಿ ಐವತ್ತು ಜನಕ್ಕೆ ಒಳ್ಳೇ ಕೊಡೆ, ಉಳಿದ ಐವತ್ತು ಜನಕ್ಕೆ ಕೊಡೆನೇ ಇಲ್ಲ, ಅದೊಂದು ಥರ. ನೂರಕ್ಕೆ ನೂರು ಜನಕ್ಕೂ ತೂತು ಕೊಡೆ, ಅದಿನ್ನೊಂದು ಥರ. ಸ್ವಲ್ಪ ಹೊತ್ತಿನ ಮಳೆ ಆದ್ರೆ ಎರಡೂ ಒಂದೇ, ದಿನಗಟ್ಟಲೆ ಸುರಿದ್ರೆ ತೂತು ಕೊಡೆಯವರೆಲ್ಲಾ ಒಬ್ಬೊಬ್ಬರಾಗಿ ನೆನೀತಾರೆ. ಸೋಂಕು ಜಾಸ್ತಿ ಇರೋ ಗುಂಪಿನಲ್ಲಿ ಇದೇ ಆಗೋದು. ಹಂಗಾಗಿ ಎರಡೂ ಓಡಿಸಿ ನೋಡಿ.

ಬೀಟಾಗಾಮಾ:

ಓಹ್ ಕೊಡೆ ಹೋಲಿಕೆ ಸೂಪರ್ ಸರ್, ಅರ್ಥ ಆಯ್ತು. ಆದ್ರೆ ಲಸಿಕೆ ಹುಣ್ಣು ಮಾತ್ರ ಕಡಿಮೆ ಮಾಡಿ ಸೋಂಕು ತಡೀದೇ ಇದ್ರೆ? ಅದೂ ಲಾಭನೇ ಅಲ್ವಾ?

ಹಳೇಮಾಡೆಲರ್:

ಆ ಮನುಷ್ಯನಿಗೆ ಲಾಭ, ಊರಿಗೆ ಲಾಭನೋ ನಷ್ಟನೋ ಹೇಳಕ್ಕಾಗಲ್ಲ. ಎಚ್‌ಎಸ್‌ವಿ-2 ಹರಡೋದು ಹುಣ್ಣಿದ್ದಾಗ ಮಾತ್ರ ಅಲ್ಲ. ಲಕ್ಷಣ ಇರೋರಲ್ಲಿ ಸುಮಾರು 20% ದಿನ, ಒಂದೂ ಲಕ್ಷಣ ಕಾಣದೇ ಇರೋರಲ್ಲೂ ಸುಮಾರು 10% ದಿನ ಚರ್ಮದ ಮೇಲೆ ವೈರಸ್ ಸಿಕ್ಕಿದೆ, 2011ರ ಸ್ಟಡಿ ಅದು, ಜನ ದಿನಾ ಸ್ವಾಬ್ ತಗೊಂಡು ಕೊಟ್ಟಿದ್ದು. ಹುಣ್ಣು ಬಂದ್ರೆ ಜನ ದೂರ ಇರ್ತಾರೆ. ಲಸಿಕೆ ಹುಣ್ಣು ನಿಲ್ಸಿ ಶೆಡ್ಡಿಂಗ್, ಅಂದ್ರೆ ಚರ್ಮದಿಂದ ವೈರಸ್ ಹೊರಬರೋದು, ಹಂಗೇ ಬಿಟ್ರೆ, ದೂರ ಇರೋ ಕಾರಣನೂ ಹೋಯ್ತು, ಗೊತ್ತಿಲ್ದೇ ಹರಡೋದು ಜಾಸ್ತಿ ಆದ್ರೂ ಆಯ್ತು. ಹಂಗಾಗಿ ಮೂರು ನಂಬರ್ ಬೇರೆ ಬೇರೆ ಇಡಿ: ಸೋಂಕು ಅಂಟೋದು ಎಷ್ಟು ಕಡಿಮೆ, ಲಕ್ಷಣ ಎಷ್ಟು ಕಡಿಮೆ, ಬೇರೆಯವರಿಗೆ ಕೊಡೋದು ಎಷ್ಟು ಕಡಿಮೆ. ಒಂದೇ ನಂಬರ್‌ನಲ್ಲಿ ಮೂರನ್ನೂ ತುರುಕಿದ ಪೇಪರ್ ಕಂಡ್ರೆ ನಾನು ಅಲ್ಲಿಗೇ ಮುಚ್ಚಿಡ್ತೀನಿ.

ಹೆಸರುಬೇಡ:

ನಾನು ಮಾಡೆಲ್ ಗೀಡೆಲ್ ಓದಿದೋಳಲ್ಲ. ಆರು ವರ್ಷದಿಂದ ಎಚ್‌ಎಸ್‌ವಿ-2 ಇದೆ ನನಗೆ, ಅದಕ್ಕೇ ಈ ಥ್ರೆಡ್ ತೆಗೆದೆ. 0.01ಆ 0.05ಆ ಅಂತ ನೀವು ಮಾತಾಡ್ತಿರೋ ಆ ಸೆಲ್ ನಾನು ಅಂತ ಅನ್ನಿಸಿ ಒಂಥರಾ ನಗು ಬಂತು, ಬೇಜಾರು ಮಾಡ್ಕೋಬೇಡಿ.

ಹುಣ್ಣು ಅಂತ ನೋಡಿದ್ರೆ ಮೊದಲ ವರ್ಷ ಐದು ಸಲ ಬಂತು, ಮೊದಲನೇದು ಭಯಂಕರ, ಮೂತ್ರ ಮಾಡೋಕೂ ಅಳು ಬರ್ತಿತ್ತು. ಈಗ ವರ್ಷಕ್ಕೆ ಒಂದೋ ಎರಡೋ, ಮಾತ್ರೆ ತಗೊಂಡ್ರೆ ನಾಲ್ಕು ದಿನದಲ್ಲಿ ಹೋಗುತ್ತೆ. ಅಷ್ಟೇ ಲೆಕ್ಕ ಹಾಕಿದ್ರೆ ನಿಮ್ಮ 0.01 ಕೂಡ ಜಾಸ್ತಿನೇ ಆಯ್ತು. ಆದ್ರೆ ಒಬ್ರ ಜೊತೆ ಹತ್ರ ಆಗ್ತಿದ್ದಂಗೇ ಯಾವಾಗ ಹೇಳೋದು ಹೆಂಗೆ ಹೇಳೋದು ಅಂತ ವಾರಗಟ್ಟಲೆ ನಿದ್ದೆ ಬರದೇ ಇರೋದು, ಹೇಳಿದ್ಮೇಲೆ ಫೋನೇ ಎತ್ತದೇ ಇರೋದು, ಅದು ಎಲ್ಲಿ ಸೇರುತ್ತೆ? ಮೊದಲು ತೋರಿಸಿದ ಕಡೆ ಡಾಕ್ಟ್ರು ಇದೇನು ದೊಡ್ಡದಲ್ಲ ಅಂದು ಮಾತ್ರೆ ಬರೆದು ಕಳಿಸಿದ್ರು, ಎರಡು ನಿಮಿಷ. ವೈದ್ಯಕೀಯವಾಗಿ ಅವರು ಹೇಳಿದ್ದು ಸುಳ್ಳಲ್ಲ. ನಾನು ಒಂದೂವರೆ ವರ್ಷ ಯಾರನ್ನೂ ಮುಟ್ಟಲಿಲ್ಲ.

ಇನ್ನೊಂದು, ದಿನಾ ಮಾತ್ರೆ ತಗೊಂಡ್ರೆ ಸಂಗಾತಿಗೆ ಹೋಗೋದು ಸುಮಾರು ಅರ್ಧ ಕಡಿಮೆ ಆಗುತ್ತೆ ಅಂತ ಆಮೇಲೆ ಬೇರೆಯವರು ಹೇಳಿದ್ರು. ಮೊದಲನೇ ದಿನವೇ ಹೇಳಿದ್ರೆ ಎಷ್ಟೋ ಸಮಾಧಾನ ಇರ್ತಿತ್ತು.

ಕಾಸುಕಾಳು:

ಹೆಸರುಬೇಡ ಅವರೇ, ಬರೆದಿದ್ದಕ್ಕೆ ಥ್ಯಾಂಕ್ಸ್, ಈ ಥ್ರೆಡ್‌ನಲ್ಲಿ ಇಷ್ಟು ಕೆಲಸಕ್ಕೆ ಬರೋ ಮಾತು ಇನ್ಯಾರೂ ಹೇಳಿಲ್ಲ. ನಾನು ಹೆಲ್ತ್ ಎಕನಾಮಿಕ್ಸ್ ಕಡೆಯವನು, ನಮ್ಮ ಕಡೆಯ ತಪ್ಪು ಇದೇ. ಕ್ಯಾಲಿ ಅಳೆಯೋ ಪ್ರಶ್ನಾವಳಿಗಳಲ್ಲಿ ನಡೆಯಕ್ಕಾಗುತ್ತಾ, ಸ್ನಾನ ಬಟ್ಟೆ ಮಾಡ್ಕೋತೀರಾ, ನೋವಿದೆಯಾ, ಆತಂಕ ಇದೆಯಾ ಅಂತ ಕೇಳ್ತಾರೆ, ಅದೂ ಇವತ್ತಿನ ದಿನಕ್ಕೆ. ಹುಣ್ಣಿಲ್ಲದ ಮಂಗಳವಾರ ಕೇಳಿದ್ರೆ ಎಲ್ಲಾ ಚೆನ್ನಾಗಿದೆ ಅಂತಾನೇ ಬರುತ್ತೆ. ಜೊತೆಗೆ ಎಷ್ಟೋ ಜನಕ್ಕೆ ಸೋಂಕಿರೋದೇ ಗೊತ್ತಿರಲ್ಲ, ಅವರಿಗೆ ಕ್ಯಾಲಿ ನಷ್ಟ ಸೊನ್ನೆ ಹತ್ರ. 52 ಕೋಟಿಗೂ ಒಂದೇ ಸರಾಸರಿ ಹಾಕಿದ್ರೆ ಅವರದ್ದೂ ಸುಳ್ಳು ಇವರದ್ದೂ ಸುಳ್ಳು. ಬೀಟಾಗಾಮಾ, ಒಂದೇ ಸೆಲ್ ಇಡಬೇಡಿ, ಮೂರು ಗುಂಪು ಮಾಡಿ, ಗೊತ್ತೇ ಇಲ್ಲದವರು, ಗೊತ್ತಿದ್ದು ಅಪರೂಪಕ್ಕೆ ಬರೋರು, ಪದೇ ಪದೇ ಬರೋರು. ಮನಸ್ಸಿನ ಭಾರವನ್ನ ಬೇರೆ ಸಾಲಲ್ಲಿ ಇಡಿ, ಅದು ರೋಗ ಗೊತ್ತಾದ ದಿನದಿಂದ ಶುರು ಆಗುತ್ತೆ, ಸೋಂಕಾದ ದಿನದಿಂದ ಅಲ್ಲ.

ಎರಡನೇದು, ನವಜಾತ ಶಿಶು ಮರೆತಿದೀರಾ. ಹೆರಿಗೆ ಹೊತ್ತಲ್ಲಿ ಮಗುಗೆ ತಗುಲೋದು ತುಂಬಾ ಅಪರೂಪ, ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 14 ಸಾವಿರ ಅಂತ ಅಂದಾಜು, 1 ಮತ್ತು 2 ಎರಡೂ ಸೇರಿ, ಆದ್ರೆ ಚಿಕಿತ್ಸೆ ಸಿಗದಿದ್ರೆ ನೂರರಲ್ಲಿ ಅರವತ್ತು ಮಕ್ಕಳು ಉಳಿಯಲ್ಲ. ಒಂದು ಕೂಸಿನ ಜೀವ 75 ವರ್ಷ ಅಂತಿಟ್ಟು ವರ್ಷಕ್ಕೆ 3% ಡಿಸ್ಕೌಂಟ್ ಮಾಡಿದ್ರೂ, ಅಂದ್ರೆ ಮುಂದೆ ಬರೋ ಲಾಭಕ್ಕೆ ಇವತ್ತು ಕಡಿಮೆ ಬೆಲೆ ಹಿಡಿದ್ರೂ, ಸುಮಾರು 30 ಕ್ಯಾಲಿ. ನಿಮ್ಮ 0.05 ಲೆಕ್ಕದಲ್ಲಿ ಅದು 600 ದೊಡ್ಡವರ ಸೋಂಕಿಗೆ ಸಮ. ಕೂಸು ಕುಲಾವಿ ಅಂತ ಟೈಟಲ್ ಕೊಟ್ಟು ಕೂಸನ್ನೇ ಬಿಟ್ಟಿದೀರಲ್ಲ :)

ಡಿಸ್ಕೌಂಟ್ ಅಂದ ಹಾಗೆ, ನಿಮ್ಮ ಶೀಟ್‌ನಲ್ಲಿ ಅದೂ ಇಲ್ಲ. 12 ವರ್ಷಕ್ಕೆ ಲಸಿಕೆ, ಸೋಂಕು ತಪ್ಪೋದು ಸರಾಸರಿ 25ಕ್ಕೆ ಅಂದ್ಕೊಳ್ಳಿ. ಖರ್ಚು ಇವತ್ತು, ಲಾಭ 13 ವರ್ಷ ಆದ್ಮೇಲೆ. 3% ಪ್ರಕಾರ ಲಾಭ 68%ಗೆ ಇಳಿಯುತ್ತೆ, ನಿಮ್ಮ 22,700 ಹೋಗಿ 35 ಸಾವಿರದ ಹತ್ರ ಬರುತ್ತೆ. ಲಸಿಕೆಗಳಿಗೆ ಈ ಡಿಸ್ಕೌಂಟ್ ಯಾವಾಗ್ಲೂ ಮಲತಾಯಿನೇ.

ಆಮೇಲೆ ಮುಖ್ಯವಾದ್ದು. ಲಸಿಕೆ ಬೆಲೆ ಯಾರಿಗೂ ಗೊತ್ತಿಲ್ಲ, ನೀವು 100 ಅಂತ ಊಹಿಸಿ ಸಸ್ತಾನಾ ದುಬಾರಿನಾ ಅಂತ ಕೇಳ್ತಿದೀರಾ. ತಿರುಗಿಸಿ ಕೇಳಿ. ಒಂದು ಕ್ಯಾಲಿಗೆ ಇಷ್ಟು ಕೊಡೋಕೆ ಸರ್ಕಾರ ತಯಾರಿದ್ರೆ ಕೋರ್ಸ್‌ಗೆ ಗರಿಷ್ಠ ಎಷ್ಟು ಕೊಡಬಹುದು? ಕ್ಯಾಲಿಗೆ 20 ಸಾವಿರ ಡಾಲರ್ ಅಂತಿಟ್ಕೊಂಡು ನಿಮ್ಮದೇ ನಂಬರ್ ಹಾಕಿ, ಮೇಲಿನ ಡಿಸ್ಕೌಂಟೂ ಮಾಡಿದೆ: 0.05ಗೆ ಸುಮಾರು 61 ಡಾಲರ್, 0.01ಗೆ 20, 0.1ಗೆ 112. ಕಣಿ ಅನ್ಸಿದ್ದು ಈಗ ಬೆಲೆ ಮಾತಾಡೋಕೆ ಕೂತಾಗ ಕೈಯಲ್ಲಿ ಹಿಡ್ಕೊಳ್ಳೋ ಚೀಟಿ ಆಯ್ತು. ನಿಮ್ಮ ಮೊದಲ ಪ್ರಶ್ನೆಗೂ ಇದೇ ಉತ್ತರ ಅನ್ಸುತ್ತೆ ನನಗೆ.

ಮಿತಿ ಎಷ್ಟು ಅನ್ನೋದಕ್ಕೆ ತಲಾ ಜಿಡಿಪಿಯ ಒಂದರಿಂದ ಮೂರು ಪಟ್ಟು ಅನ್ನೋ ಹಳೇ ಸೂತ್ರ ಮಾತ್ರ ಹಾಕಬೇಡಿ, ಅದು ಎಲ್ಲವನ್ನೂ ಪಾಸ್ ಮಾಡಿಸೋ ಪರೀಕ್ಷೆ.

ಎರಡನೇಓದು:

ಎಚ್‌ಐವಿ ಬಗ್ಗೆ ಯಾರೂ ಮಾತಾಡ್ಲಿಲ್ಲ, ನಾನು ಹೇಳ್ತೀನಿ, ಸೇರಿಸಬೇಡಿ. ಎಚ್‌ಎಸ್‌ವಿ-2 ಇದ್ರೆ ಎಚ್‌ಐವಿ ಅಂಟೋ ಅಪಾಯ ಹತ್ತಿರ ಹತ್ತಿರ ಮೂರು ಪಟ್ಟು ಅಂತಾರೆ, 2016ರಲ್ಲಿ ಲೈಂಗಿಕವಾಗಿ ಹರಡಿದ ಹೊಸ ಎಚ್‌ಐವಿ ಸೋಂಕಲ್ಲಿ ಸುಮಾರು 30% ಇದರಿಂದಲೇ ಅಂತ ಅಂದಾಜೂ ಇದೆ. ಆದ್ರೆ ಎರಡೂ ಹರಡೋ ದಾರಿ ಒಂದೇ, ಒಂದು ಇದ್ದೋರಿಗೆ ಇನ್ನೊಂದು ಬರೋದ್ರಲ್ಲಿ ಆಶ್ಚರ್ಯ ಏನು? ಅದಕ್ಕಿಂತ ಹೆಚ್ಚಾಗಿ ಟ್ರಯಲ್ ಮಾಡಿ ನೋಡಿದಾರೆ. ಹರ್ಪಿಸ್ ಇರೋರಿಗೆ ದಿನಾ ಎರಡು ಸಲ ಅಸೈಕ್ಲೋವಿರ್ ಅನ್ನೋ ಹರ್ಪಿಸ್ ಮಾತ್ರೆ ಕೊಟ್ರು, 2008ರಲ್ಲಿ ಬಂದ ಫಲಿತಾಂಶ, ಎಚ್‌ಐವಿ ಅಂಟೋದು ಕಡಿಮೆ ಆಗ್ಲಿಲ್ಲ. 2010ರದ್ದು ಇನ್ನೂ ದೊಡ್ಡದು, ಮೂರು ಸಾವಿರಕ್ಕೂ ಹೆಚ್ಚು ಜೋಡಿಗಳು, ಎರಡೂ ಸೋಂಕಿದ್ದ ಸಂಗಾತಿಗೆ ಮಾತ್ರೆ, ಹುಣ್ಣು 73% ಇಳೀತು, ಎಚ್‌ಐವಿ ಹರಡೋದು ಮಾತ್ರ ಇದ್ದಲ್ಲೇ ಇತ್ತು. ಇಷ್ಟಾದ್ಮೇಲೂ ಲಸಿಕೆ ಮಾಡೆಲ್‌ನಲ್ಲಿ ಎಚ್‌ಐವಿ ಲಾಭ ಸೇರಿಸೋದು ಅಂದ್ರೆ ಬೇಕಾದ ಉತ್ತರ ಬರೋವರೆಗೂ ಉಪ್ಪು ಹಾಕ್ತಾ ಹೋದ ಹಾಗೆ.

ಹಳೇಮಾಡೆಲರ್:

ಅರ್ಧ ಒಪ್ತೀನಿ. ಆದ್ರೆ ಆ ಟ್ರಯಲ್ ಸೋತಿದ್ದು ಯಾಕೆ ಅಂತಲೂ ನೋಡಿದಾರೆ. ಹುಣ್ಣು ಮಾಯ್ದ ಜಾಗದಲ್ಲಿ ಎಚ್‌ಐವಿ ಹಿಡ್ಕೊಳ್ಳೋ ಥರದ ಸಿಡಿ4 ಕೋಶಗಳು (ಒಂದು ಥರದ ರೋಗನಿರೋಧಕ ಕೋಶಗಳು) ವಾರಗಟ್ಟಲೆ ಗುಂಪು ಕಟ್ಕೊಂಡು ಕೂತಿರ್ತವೆ, ಅಸೈಕ್ಲೋವಿರ್ ತಗೊಳ್ತಾ ಇದ್ರೂ ಸಹ. ಮಾತ್ರೆ ವೈರಸ್ ಹೆಚ್ಚಾಗೋದನ್ನ ತಡೀತು, ಒಳಗಿನ ಉರಿಯೂತ ಹಂಗೇ ಇತ್ತು. ಸೋಂಕೇ ಆಗದ ಹಾಗೆ ತಡೆಯೋ ಲಸಿಕೆ ಆ ಕಥೆಯನ್ನ ಶುರುನೇ ಮಾಡಲ್ಲ, ಅದಕ್ಕೂ ಮಾತ್ರೆಗೂ ಹೋಲಿಕೆ ಸರಿ ಹೋಗಲ್ಲ. ಈಗಾಗ್ಲೇ ಸೋಂಕಿರೋರಿಗೆ ಕೊಡೋ ಚಿಕಿತ್ಸಾ ಲಸಿಕೆ ಬೇರೆ ಮಾತು, ಅದು ಅಸೈಕ್ಲೋವಿರ್‌ಗೆ ಹತ್ರ, ಅಲ್ಲಿ ನಿಮ್ಮ ಅನುಮಾನ ನ್ಯಾಯವಾದ್ದು.

ಎರಡನೇಓದು:

ಸರಿ, ತಡೆಗಟ್ಟೋದಕ್ಕೆ ಒಂದು ಚಾನ್ಸ್ ಕೊಡೋಣ. ಆದ್ರೂ ಮೂರು ಪಟ್ಟು ಅನ್ನೋದನ್ನ ಪೂರ್ತಿ ನುಂಗೋಕೆ ನಾನು ತಯಾರಿಲ್ಲ.

ಕಾಸುಕಾಳು:

ಇದಕ್ಕೇ ಎರಡು ಪ್ರತ್ಯೇಕ ಟೇಬಲ್ ಹಾಕಿ ಅನ್ನೋದು ನಾನು. ಯಾಕಂದ್ರೆ ನಂಬರ್ ನೋಡಿ, 6 ಸಾವಿರ ಹರ್ಪಿಸ್ ತಪ್ಪಿದಾಗ ಜೊತೆಗೆ ಬರೀ 100 ಎಚ್‌ಐವಿ ತಪ್ತು ಅಂದ್ಕೊಳ್ಳಿ, ಒಂದಕ್ಕೆ 10 ಕ್ಯಾಲಿ ಅಂತಿಟ್ರೆ 1000. ಹರ್ಪಿಸ್‌ದು ಪೂರ್ತಿ ಸೇರಿದ್ರೂ 300. ಬಾಲನೇ ನಾಯಿನ ಅಲ್ಲಾಡಿಸುತ್ತೆ. ಎಚ್‌ಐವಿ ಜಾಸ್ತಿ ಇರೋ ದೇಶದಲ್ಲಿ ಈ ಲಸಿಕೆ ಎಚ್‌ಐವಿ ಕಾರ್ಯಕ್ರಮದ ದುಡ್ಡಲ್ಲೇ ನಿಲ್ಲಬಹುದು, ಕಡಿಮೆ ಇರೋ ಕಡೆ ಹೆಸರುಬೇಡ ಅವರು ಹೇಳಿದ ಆ ನಿದ್ದೆ ಇಲ್ಲದ ವಾರಗಳ ಮೇಲೇ ನಿಲ್ಲಬೇಕು. ಒಂದೇ ಲಸಿಕೆ, ಎರಡು ಕಡೆ ಎರಡು ಕಾರಣ.

ಬೀಟಾಗಾಮಾ:

ತಲೆ ಗಿರ್ ಅಂತಿದೆ ಆದ್ರೆ ದಾರಿ ಕಾಣ್ತಿದೆ. ಹೆಸರುಬೇಡ ಅವರೇ, ಒಂದೇ ಸೆಲ್ ತೆಗೆದು ಹಾಕಿದೆ, ಈಗ ನಾಲ್ಕು ಸಾಲು, ಅದ್ರಲ್ಲಿ ಒಂದು ರೋಗ ಗೊತ್ತಾದ್ಮೇಲಿನ ಆತಂಕದ್ದು, ಶಿಶು ಬೇರೆ ಸಾಲು. ಎಚ್‌ಐವಿ ಇರೋದು ಇಲ್ದಿರೋದು ಎರಡು ಟೇಬಲ್. ಬೆಲೆ ತಿರುಗಿಸಿ ಕೇಳೋ ಐಡಿಯಾ ಗೈಡ್‌ಗೆ ಹೇಳ್ದೆ, ಮೊದಲನೇ ಸಲ ಹೂಂ ಅಂದ್ರು. ಇನ್ನೊಂದೇ ಒಂದು, ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್ ತಡೆಯೋದು) ಲಸಿಕೆ ಜೊತೆಗೇ 9 ವರ್ಷಕ್ಕೆ ಕೊಟ್ಬಿಟ್ರೆ ಖರ್ಚು ಉಳಿಯುತ್ತೆ ಅಲ್ವಾ? ಹುಡುಗೀರಿಗೆ ಮಾತ್ರ ಕೊಟ್ರೆ ಸಾಕಾ?

ಹೆಸರುಬೇಡ:

ನಾಲ್ಕು ಸಾಲಾದ್ರೂ ಸಿಕ್ತಲ್ಲ ನನಗೆ :) ಮುಗಿದ್ಮೇಲೆ ಇಲ್ಲಿ ಹಾಕಿ, ಅರ್ಥ ಆಗ್ದಿದ್ರೂ ಓದ್ತೀನಿ.

ಹಳೇಮಾಡೆಲರ್:

ಹುಡುಗೀರಿಗೆ ಮಾತ್ರ ಅನ್ನೋದನ್ನ ಎಚ್‌ಪಿವಿಯಿಂದ ಹಾಗೇ ಎತ್ಕೊಂಡು ಬರಬೇಡಿ. ಹೆಂಗಸರಲ್ಲಿ ಎಚ್‌ಎಸ್‌ವಿ-2 ಗಂಡಸರಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ನಿಜ, 2016ರ ಅಂದಾಜಲ್ಲಿ 31 ಕೋಟಿ ಎದುರು 18 ಕೋಟಿ. ಆದ್ರೆ 50% ಲಸಿಕೆಯಲ್ಲಿ ಹುಡುಗೀರನ್ನ ಮಾತ್ರ ಮುಟ್ಟಿದ್ರೆ ಹರಡೋ ಚಕ್ರ ನಿಲ್ಲಲ್ಲ, ಎಚ್‌ಪಿವಿ ಲಸಿಕೆ ಅಷ್ಟು ಗಟ್ಟಿ ಇರೋದಕ್ಕೆ ಅಲ್ಲಿ ನಡೀತು. ಎರಡೂ ಓಡಿಸಿ.

9 ವರ್ಷದ್ದು ಹುಷಾರು. ಅದೇ ಭೇಟಿಯಲ್ಲಿ ಕೊಟ್ರೆ ಖರ್ಚು ಉಳಿಯುತ್ತೆ, ಒಪ್ಪಿದೆ. ರಕ್ಷಣೆ 10 ವರ್ಷನೇ ಬರೋದಾದ್ರೆ 19ಕ್ಕೆ ಕೊಡೆ ಮಡಚಿ ಆಯ್ತು, ಮಳೆ ಜೋರಾಗೋದೇ ಆ ವಯಸ್ಸಿಗೆ. ಹಂಗಾದ್ರೆ 14ಕ್ಕೆ ಕೊಡೋದಾ ಅಥವಾ ಬೂಸ್ಟರ್ ಸೇರಿಸೋದಾ, ಸೇರಿಸಿದ್ರೆ ಸ್ಕೂಲ್ ಬಿಟ್ಟ ಹುಡುಗ್ರನ್ನ ಎಲ್ಲಿ ಹಿಡಿಯೋದು, ಆ ಖರ್ಚು ಯಾರ ಸಾಲಲ್ಲಿ ಬರುತ್ತೆ ಅಂತ ನೋಡಿ. ರಕ್ಷಣೆ ಅವಧಿ 5, 10, 20, ಜೀವನಪೂರ್ತಿ ನಾಲ್ಕೂ ಹಾಕಿ ಶೀಟ್ ಕಳಿಸಿ, ಭಾನುವಾರ ಕೂತು ನೋಡ್ತೀನಿ.